ಡುಮಸ್ ದಂಡೆಯ ಹಿಂದು ಮುಂದು

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಎರಡು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಮೆಟ್ರಿಕ್ ಓದಿದ ಗಿರಣಿ ಗುಮಾಸ್ತ, ಪಂಡಿತನಲ್ಲ. ಹೋದ ವಾರ ನಮ್ಮ ಇಬ್ಬರು ಸದಸ್ಯರು ಇಲ್ಲಿಯೇ ಕುಳಿತು, ಕೆಲಸ ಬಿಟ್ಟು, ಕೂಡಿಟ್ಟ ಹಣದಿಂದ ಡುಮಸ್ ಸಮುದ್ರದಂಡೆಯಲ್ಲಿ ಇಡ್ಲಿ ದೋಸೆಯ ಗಾಡಿ ಹಾಕೋಣವೇ ಎಂದು ಕೇಳಿದರು. ಅಂದು ಉತ್ತರ ಹೇಳಲಿಲ್ಲ; ಇಂದು ಹೇಳುತ್ತೇನೆ. ಆದರೆ ಮೊದಲು ಆ ದಂಡೆಯ ಕಥೆ ಸ್ವಲ್ಪ ಕೇಳಿರಿ.

ಡುಮಸ್ ಇರುವುದು ತಾಪಿ ನದಿ ಸಮುದ್ರ ಸೇರುವಲ್ಲಿ. ನದಿಯ ಆಚೆ ಹಜೀರಾ, ಅದರಾಚೆ ಸುವಾಲಿ. ಇಂಗ್ಲಿಷರ ‘ಹೆಕ್ಟರ್’ ಹಡಗು ಸೂರತ್ತಿಗೆ ಬಂದದ್ದು 1608ರಲ್ಲಿ. ರಾಯಭಾರಿ ಥಾಮಸ್ ರೋ ಸುವಾಲಿಯಲ್ಲಿ ಇಳಿದದ್ದು 1615ರಲ್ಲಿ. ತಾಪಿಯಲ್ಲಿ ಹೂಳಿದ್ದುದರಿಂದ ದೊಡ್ಡ ಹಡಗುಗಳು ಸುವಾಲಿಯಲ್ಲೇ ಲಂಗರು ಹಾಕುತ್ತಿದ್ದವು. ಹಡಗು ಬರುವ ತಿಂಗಳುಗಳಲ್ಲಿ ವ್ಯಾಪಾರಿಗಳು ಅಲ್ಲಿ ಗುಡಿಸಲಂಗಡಿ ಹಾಕಿ ಸಂತೆ ನಡೆಸುತ್ತಿದ್ದರು. ಹಡಗು ಹೋಯಿತೆಂದರೆ ಸಂತೆಯೂ ಹೋಯಿತು. 1687ರಲ್ಲಿ ಇಂಗ್ಲಿಷರು ಮುಖ್ಯ ಕಚೇರಿಯನ್ನು ಮುಂಬಯಿಗೆ ಸಾಗಿಸಿದರು. ವ್ಯಾಪಾರವೂ ಕ್ರಮೇಣ ಅತ್ತಲೇ ಹರಿಯಿತು.

ಇನ್ನು ಡುಮಸ್. ನಮ್ಮಲ್ಲಿ ಎಷ್ಟೋ ಮಂದಿ ಸಚಿನ್ ಜಿ.ಐ.ಡಿ.ಸಿ.ಗೆ ಕೆಲಸಕ್ಕೆ ಹೋಗುತ್ತೀರಿ. ಸಚಿನ್ ಒಂದು ಸಂಸ್ಥಾನವಾಗಿತ್ತೆಂದು ಬಲ್ಲಿರಾ? ಜಂಜಿರಾದ ಸಿದ್ದಿ ಮನೆತನದವರಿಗೆ 1791ರಲ್ಲಿ ದೊರೆತ ಸೀಮೆ ಅದು. ಆಫ್ರಿಕಾ ಮೂಲದ ಸಿದ್ದಿಗಳು ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯವರಿಗೆ ಹೊಸಬರಲ್ಲ. ಡುಮಸ್ ಈ ನವಾಬರ ಬೇಸಿಗೆಯ ಬಿಡಾರ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನವಾಬರ ಕಾಲ ಮುಗಿಯಿತು.

ಈಗ ಅಲ್ಲಿಗೆ ಬರುವವರು ನಮ್ಮಂಥವರು. ಭಾನುವಾರ ಸಂಜೆ ಆ ಕರಿಮರಳಿನ ಮೇಲೆ ಕಾಲಿಡಲು ಜಾಗವಿಲ್ಲ. ಟೊಮೇಟೊ ಬಿಲ್ಲೆಗೆ ಹಸಿರು ಚಟ್ನಿ ಹಚ್ಚಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಭಜಿಯಾ, ಸುಟ್ಟ ಜೋಳದ ತೆನೆ, ಮಕ್ಕಳಿಗೆ ಒಂಟೆ ಸವಾರಿ. ದಾರಿಯುದ್ದಕ್ಕೂ ವಿಮಾನ ನಿಲ್ದಾಣ, ದೊಡ್ಡ ಮಾಲುಗಳು, ಹೊಸ ಕಟ್ಟಡಗಳು. ದಂಡೆಯನ್ನು ಅಂದಗೊಳಿಸುವ ಯೋಜನೆಯನ್ನು ಮಹಾನಗರ ಪಾಲಿಕೆ ಕೈಗೆತ್ತಿಕೊಂಡಿದೆ. ಇದನ್ನೆಲ್ಲ ನೋಡಿದರೆ ಯಾರಿಗೂ ಆಸೆಯಾದೀತು.

ನನಗೂ ಆಗಿತ್ತು. ಕೆಲವು ವರ್ಷಗಳ ಹಿಂದೆ ಸ್ನೇಹಿತನೊಡನೆ ಅಲ್ಲಿ ಶರಬತ್ತಿನ ಅಂಗಡಿಯಲ್ಲಿ ಪಾಲು ಹಾಕಿದೆ. ಏಪ್ರಿಲ್, ಮೇ ತಿಂಗಳ ಭಾನುವಾರಗಳನ್ನಷ್ಟೇ ನೋಡಿ ಲೆಕ್ಕ ಹಾಕಿದ್ದೆ. ಜೂನ್ ಬಂತು, ಮಳೆ ಹಿಡಿಯಿತು. ಗಿರಾಕಿ ಇಲ್ಲ, ಬಾಡಿಗೆ ಮಾತ್ರ ನಿಲ್ಲಲಿಲ್ಲ. ಮನೆಯವಳ ಎರಡು ಬಳೆ ಅಡವಿಗೆ ಹೋದವು. ಅವಳು ಒಂದು ಮಾತೂ ಆಡಲಿಲ್ಲ; ಅದೇ ನನಗೆ ಹೆಚ್ಚು ನೋವಾಯಿತು.

ಆದ್ದರಿಂದ ಸೋದರರೇ, ಬೇಡವೆಂದು ನಾನು ಹೇಳುವುದಿಲ್ಲ. ಆ ದಂಡೆಯಲ್ಲಿ ಬದುಕಿದವರೆಲ್ಲ ಬೇರೆಯವರ ಬರವನ್ನು ನಂಬಿ ಬದುಕಿದವರು. ಬರುವವರು ಬರದ ದಿನ ಹೇಗೆ ಉಣ್ಣುವುದೆಂದು ಮೊದಲು ಯೋಚಿಸಿರಿ. ಭಾನುವಾರ ನೋಡಿದಂತೆ ಬುಧವಾರವೂ ನೋಡಿರಿ. ಭರತದ ಹೊತ್ತಿಗೆ ನೀರು ಎಲ್ಲಿಯವರೆಗೆ ಏರುತ್ತದೆಂದು ನೋಡಿರಿ. ಪಾಲಿಕೆಯ ಪರವಾನಗಿಯ ವಿಷಯ ವಿಚಾರಿಸದೆ ಗಾಡಿ ಕೊಳ್ಳಬೇಡಿರಿ. ಇಬ್ಬರೂ ಒಟ್ಟಿಗೆ ಕೆಲಸ ಬಿಡಬೇಡಿರಿ. ಸಾಲದ ಹಣವನ್ನಂತೂ ಮರಳಿನ ಮೇಲೆ ಇಡಬೇಡಿರಿ.

ಬರುವ ಬುಧವಾರ ನನಗೆ ರಜೆ. ಆ ಇಬ್ಬರೂ ಒಪ್ಪಿದರೆ ಜೊತೆಗೆ ಬರುತ್ತೇನೆ. ಲೆಕ್ಕದ ಪುಸ್ತಕ ನಾನೇ ತರುತ್ತೇನೆ.