ರೊಟ್ಟಿ ನಾದುವ ‘ಲೇಡಿ’



ಫೋನ್-ಇನ್ ಕಾರ್ಯಕ್ರಮದಲ್ಲಿ ‘ಏನು ಮಾಡ್ಕೊಂಡಿದೀರಿ?’ ಎಂದು ಕೇಳಿದಾಗ ಎಷ್ಟೋ ಅಕ್ಕಂದಿರು ‘ಏನಿಲ್ಲ, ಸುಮ್ನೆ ಮನೇಲಿರ್ತೀನಿ’ ಎನ್ನುತ್ತಾರೆ. ಅವರಿಗಾಗಿ ಇಂದು ಒಂದು ಪದದ ಕಥೆ. ಆ ಪದ ‘ಲೇಡಿ’.

ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಇದರ ರೂಪ ‘ಹ್ಲ್ಯಾಫ್‌ಡಿಗೆ’. ಮೊದಲ ಭಾಗ ‘ಹ್ಲಾಫ್’ ಎಂದರೆ ರೊಟ್ಟಿ. ಬೇಕರಿಯಲ್ಲಿ ನಾವು ಕೇಳುವ ‘ಲೋಫ್’ ಅದರದ್ದೇ ಮೊಮ್ಮಗು. ‘ಡಿಗೆ’ ಎಂದರೆ ಹಿಟ್ಟು ನಾದುವವಳು. ಸಂಸ್ಕೃತದಿಂದ ನಮಗೆ ಬಂದ ‘ದೇಹ’ವೂ ಈ ‘ಡಿಗೆ’ಯೂ ಒಂದೇ ಮೂಲದವು ಎನ್ನುತ್ತಾರೆ ಭಾಷಾತಜ್ಞರು. ನಾದಿ ರೂಪ ಕೊಡುವುದು ಎಂಬುದೇ ಆ ಮೂಲದ ಅರ್ಥ.

ಇನ್ನು ‘ಲಾರ್ಡ್’? ಅದು ‘ಹ್ಲಾಫ್‌ವೇರ್ಡ್’, ರೊಟ್ಟಿ ಕಾಯುವವನು. ಆ ಮನೆಯ ಅನ್ನ ಉಣ್ಣುವ ಆಳಿಗೂ ‘ರೊಟ್ಟಿ ತಿನ್ನುವವನು’ ಎಂಬ ಹೆಸರಿತ್ತು. ಮನೆಯವರೆಲ್ಲರ ಹೆಸರು ನಿಂತದ್ದು ರೊಟ್ಟಿಯ ಮೇಲೆ!

ಕಾಲ ಕಳೆದಂತೆ ಕಾಯುವವನು ದೊರೆಯಾದ, ನಾದುವವಳು ದೊರೆಸಾನಿಯಾದಳು. ಪದದೊಳಗಿದ್ದ ಹಿಟ್ಟಿನ ಕೈ ಮಾತ್ರ ಮರೆತುಹೋಯಿತು.

ನಸುಕಿನಲ್ಲೆದ್ದು ಚಪಾತಿಗೋ ಜೋಳದ ರೊಟ್ಟಿಗೋ ಹಿಟ್ಟು ನಾದಿ, ನಾಲ್ಕು ಡಬ್ಬಿ ಕಟ್ಟಿ, ಆಮೇಲೆ ನಮಗೆ ಫೋನ್ ಮಾಡುವ ಅಕ್ಕ, ನೀವು ‘ಸುಮ್ನೆ’ ಇಲ್ಲ. ಇಂಗ್ಲಿಷಿನವರು ಮನೆಯೊಡತಿಗೆ ಹೆಸರಿಟ್ಟಿದ್ದೇ ನಿಮ್ಮ ಕೆಲಸದಿಂದ. ಮುಂದಿನ ಸಲ ಕೇಳಿದಾಗ ಧೈರ್ಯವಾಗಿ ಹೇಳಿ: ‘ಹಿಟ್ಟು ನಾದ್ತೀನಿ, ಮನೆ ನಡೆಸ್ತೀನಿ.’

ಆ ಡಬ್ಬಿ ಬಿಚ್ಚಿ ಉಣ್ಣುವವರೇ, ನೀವೂ ಕೇಳಿಸಿಕೊಂಡಿರಿ ತಾನೇ?