ತಾರಸಿ ಮೇಲೆ ಕಂಬಿ ಬಿಟ್ಟರೆ ಪರ್ಮಿಷನ್ ಸಿಕ್ಕ ಹಾಗಲ್ಲ

ರಾಮನಗರದಲ್ಲೋ ಚನ್ನಪಟ್ಟಣದಲ್ಲೋ ಯಾವುದಾದರೂ ತಾರಸಿ ಹತ್ತಿ ಸುತ್ತ ನೋಡಿ. ಎಷ್ಟೋ ಮನೆಗಳ ಮೇಲೆ ಪಿಲ್ಲರ್ ಕಂಬಿಗಳು ನಿಂತಿರುತ್ತವೆ. ಕೆಲವು ಕಡೆ ಅದಕ್ಕೇ ಬಟ್ಟೆ ಒಣಗಿಸೋ ಹಗ್ಗ ಕಟ್ಟಿರ್ತಾರೆ. ಈಗ ಕೆಳಗಡೆ ಸಾಕು, ಮಗನ ಮದುವೆ ಹೊತ್ತಿಗೆ ಮೇಲೆ ಎತ್ತೋಣ ಅನ್ನೋ ಲೆಕ್ಕ. ನಮ್ಮ ಕಡೆ ಮನೆ ಕಟ್ಟೋದೇ ಹಾಗೆ, ಕಂತಿನಲ್ಲಿ.

ನಮ್ಮ ಮನೆ ಮೇಲೂ ಆ ಕಂಬಿ ಇತ್ತು. ಅಣ್ಣನ ಮದುವೆಗೆ ಮುಂಚೆ ಮಹಡಿ ಹಾಕಬೇಕು ಅಂತ ಅಪ್ಪ ಮೇಸ್ತ್ರಿಗೆ ಅಡ್ವಾನ್ಸ್ ಕೊಟ್ಟುಬಿಟ್ರು. ಬಿ.ಕಾಂ ಓದಿದ್ದೀನಿ ಅಂತ ಲೋನ್ ಓಡಾಟ ನನಗೆ ಬಿತ್ತು. ಬ್ಯಾಂಕಿನವರು ಕೇಳಿದ ಮೊದಲ ಪ್ರಶ್ನೆ, "ಮೇಲಿನ ಮಹಡಿ ಪ್ಲ್ಯಾನ್ ಎಲ್ಲಿ?" ನಮ್ಮ ಹತ್ರ ಇದ್ದದ್ದು ಹದಿನೈದು ವರ್ಷ ಹಳೆಯ ನೆಲಮಹಡಿ ಪ್ಲ್ಯಾನ್ ಮಾತ್ರ. "ಅವತ್ತೇ ಪರ್ಮಿಷನ್ ತಗೊಂಡಿದ್ದೀವಲ್ಲಪ್ಪ" ಅಂದ್ರು ಅಪ್ಪ. ಫೈಲ್ ಅಲ್ಲೇ ನಿಂತುಹೋಯ್ತು.

ಬಹಳ ಜನ ಎಡವೋದು ಇಲ್ಲೇ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ 187ನೇ ಸೆಕ್ಷನ್ ಪ್ರಕಾರ ಹೊಸ ಮನೆಗೆ ಮಾತ್ರ ಅಲ್ಲ, ಇರೋ ಮನೆಯನ್ನು ದೊಡ್ಡದು ಮಾಡೋಕೂ ಅನುಮತಿ ಬೇಕು. ರಾಮನಗರ, ಚನ್ನಪಟ್ಟಣ, ಕನಕಪುರದಲ್ಲಿ ನಗರಸಭೆ, ಮಾಗಡಿಯಲ್ಲಿ ಪುರಸಭೆ. ಹಳ್ಳಿಯಲ್ಲಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಅಡಿ ಗ್ರಾಮ ಪಂಚಾಯಿತಿ.

"ಕಟ್ಟಿಬಿಡೋಣ, ಆಮೇಲೆ ದಂಡ ಕಟ್ಟಿದರಾಯ್ತು" ಅಂತ ನಮ್ಮ ಮೇಸ್ತ್ರಿ ಅಂದ್ರು. ಆ ಧೈರ್ಯ ಬಂದದ್ದು ಅಕ್ರಮ-ಸಕ್ರಮದಿಂದ. ಆದರೆ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಅಷ್ಟೇ ಅಲ್ಲ, 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಒಸಿ ಅಥವಾ ಕಂಪ್ಲೀಷನ್ ಸರ್ಟಿಫಿಕೇಟ್ ನೋಡದೆ ಕರೆಂಟ್, ನೀರಿನ ಕನೆಕ್ಷನ್ ಕೊಡಬೇಡಿ ಅಂತ ಹೇಳಿತು. ಕಟ್ಟಡದ ಮೇಲೆ ಸಾಲ ಕೊಡೋ ಮುಂಚೆ ಬ್ಯಾಂಕುಗಳು ಆ ಸರ್ಟಿಫಿಕೇಟ್ ನೋಡಲೇಬೇಕು ಅನ್ನೋದೂ ಅದರಲ್ಲೇ ಇದೆ. ಸಣ್ಣ ಸೈಟಿನ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ಸಡಿಲಿಕೆ ತಂದಿದೆ ನಿಜ. ಅದು ಒಸಿ ವಿಚಾರಕ್ಕೆ, ಪ್ಲ್ಯಾನ್ ಬೇಡ ಅಂತಲ್ಲ.

ಹಾಗಾದರೆ ಕಂತಿನಲ್ಲಿ ಕಟ್ಟೋದೇ ತಪ್ಪಾ? ಖಂಡಿತ ಇಲ್ಲ. ಒಂದು, ನೆಲಮಹಡಿ ಹಾಕುವಾಗಲೇ ಮುಂದಿನ ಮಹಡಿಗಳನ್ನೂ ಸೇರಿಸಿ ಡ್ರಾಯಿಂಗ್ ಮಾಡಿಸಿ, ಆ ಭಾರಕ್ಕೆ ಪಾಯ ಹಾಕಿಸಿ. ಎರಡು, ಲೈಸೆನ್ಸಿಗೆ ಅವಧಿ ಇರುತ್ತೆ, ಅದರ ಮೇಲಿರೋ ತಾರೀಕು ನೋಡಿಕೊಳ್ಳಿ. ಅಷ್ಟರೊಳಗೆ ದುಡ್ಡು ಹೊಂದಲ್ಲ ಅನಿಸಿದರೆ ಈಗ ಕಟ್ಟೋದಕ್ಕೆ ಮಾತ್ರ ತಗೊಂಡು, ಮುಂದಿನದಕ್ಕೆ ಆಗ ಅರ್ಜಿ ಹಾಕಿ. ಮೂರು, ಇ-ಖಾತಾ ಮೊದಲು ಸರಿ ಮಾಡಿಸಿಕೊಳ್ಳಿ. ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ಫಾರಂ 9, 11. ನಾಲ್ಕು, ಪ್ಲ್ಯಾನಿನಲ್ಲಿ ಬಿಟ್ಟ ಜಾಗವನ್ನು ಬಿಟ್ಟೇ ಇರಿ.

ನಾವು ಸಿಕ್ಕಿಬಿದ್ದದ್ದು ಈ ನಾಲ್ಕನೆಯದರಲ್ಲಿ. ಪಕ್ಕದಲ್ಲಿ ಬಿಡಬೇಕಿದ್ದ ಮೂರಡಿಯಲ್ಲಿ ಯಾವಾಗಲೋ ಒಂದು ಬಚ್ಚಲುಮನೆ ಎದ್ದಿತ್ತು. ಇಂಜಿನಿಯರ್ ಬಂದು ಅಳತೆ ಹಿಡಿದು, "ಇದನ್ನ ಒಡೀಬೇಕು" ಅಂದ್ರು. ಪಾಯ ಒಂದು ಮಹಡಿ ತಡೆಯುತ್ತೆ, ಎರಡಾಗಲ್ಲ ಅಂತಲೂ ಹೇಳಿದ್ರು. ಅಪ್ಪ ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ. ಮೂರನೇ ದಿನ ಅವರೇ ಹಾರೆ ಹಿಡಿದ್ರು.

ಮದುವೆ ಆಯ್ತು. ಅಣ್ಣ-ಅತ್ತಿಗೆ ಆರು ತಿಂಗಳು ಬಾಡಿಗೆ ಮನೆಯಲ್ಲಿದ್ರು. ಆ ಬಾಡಿಗೆ, ಒಡೆದು ಕಟ್ಟಿದ ಖರ್ಚು ಎರಡನ್ನೂ ಕೂಡಿದರೆ ಪ್ಲ್ಯಾನ್ ಫೀಸಿಗಿಂತ ಎಷ್ಟೋ ಜಾಸ್ತಿ. ಈಗ ಮೇಲೆ ಮೋಲ್ಡ್ ಬಿದ್ದಿದೆ, ಲೋನಿನ ಎರಡನೇ ಕಂತೂ ಬಂತು. ಈ ಸಲ ಪಿಲ್ಲರ್ ಮೇಲೆ ಕಂಬಿ ಬಿಟ್ಟಿಲ್ಲ.

ನಿಮ್ಮ ಮನೆ ಮೇಲೂ ಕಂಬಿ ಇದ್ದರೆ ಇವತ್ತು ಬೀರು ತೆಗೆದು ಹಳೇ ಪ್ಲ್ಯಾನ್ ಹುಡುಕಿ. ಮೇಸ್ತ್ರಿಗೆ ಅಡ್ವಾನ್ಸ್ ಆಮೇಲೆ. ಮುಂದಿನ ವಾರ ಸಿಗೋಣ.