ಸ್ಲಾಟ್ ಖಾಲಿ ಇದೆ ಸರಿ, ಲೇನ್ ಖಾಲಿ ಇದೆಯಾ?

ಪಿಸಿ ಜೋಡಿಸೋರು ಪದೇ ಪದೇ ಕೇಳೋ ಪ್ರಶ್ನೆ ಒಂದಿದೆ. "ಹೊಸ ಎಸ್‌ಎಸ್‌ಡಿ ಹಾಕಿದೆ, ಹಳೇ ಹಾರ್ಡ್ ಡಿಸ್ಕ್ ಕಾಣಿಸ್ತಾನೇ ಇಲ್ಲ. ಹೋಯ್ತಾ?" ಬಹಳ ಸಲ ಡಿಸ್ಕ್‌ಗೆ ಏನೂ ಆಗಿರಲ್ಲ. ಡೇಟಾ ರಿಕವರಿ ಅಂತ ದುಡ್ಡು ಸುರಿಯೋ ಮುಂಚೆ ಐದು ನಿಮಿಷ ಇದನ್ನ ಕೇಳಿ.

ಗ್ರಾಫಿಕ್ಸ್ ಕಾರ್ಡ್ ಆಗಲಿ, ಎನ್‌ವಿಎಂಇ ಎಸ್‌ಎಸ್‌ಡಿ ಆಗಲಿ, ಎರಡೂ ಪ್ರೊಸೆಸರ್ ಜೊತೆ ಮಾತಾಡೋದು ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳ ಮೂಲಕ. ಜೆನ್ 3ರಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತೆ. ಜೆನ್ 4ರಲ್ಲಿ 2, ಜೆನ್ 5ರಲ್ಲಿ 4. ದೊಡ್ಡ ಗ್ರಾಫಿಕ್ಸ್ ಕಾರ್ಡ್ 16 ಲೇನ್ ಕೇಳುತ್ತೆ, ಎಸ್‌ಎಸ್‌ಡಿ 4 ಕೇಳುತ್ತೆ.

ನಾನು ಬಿಕಾಂ ಓದಿದವನು, ನನಗೆ ಇದು ಮನೆ ಬಜೆಟ್ ಥರಾನೇ ಕಾಣುತ್ತೆ. ಸಂಬಳ ಕೊಡೋದು ಪ್ರೊಸೆಸರ್, ಅದನ್ನ ಹಂಚೋದು ಮದರ್‌ಬೋರ್ಡ್. ಉದಾಹರಣೆಗೆ ರೈಝೆನ್ 5 5600 ತಗೊಳ್ಳಿ. ಒಟ್ಟು 24 ಲೇನ್. ಗ್ರಾಫಿಕ್ಸ್‌ಗೆ 16, ಮೊದಲ ಎಂ.2 ಸ್ಲಾಟ್‌ಗೆ 4, ಚಿಪ್‌ಸೆಟ್‌ಗೆ 4. ಮುಗೀತು, ಜೇಬು ಖಾಲಿ.

ಹಾಗಾದ್ರೆ ಎರಡನೇ ಎಂ.2, ಸಾಟಾ ಪೋರ್ಟ್‌ಗಳು, ಕೆಳಗಿನ ಸ್ಲಾಟ್‌ಗಳು ಎಲ್ಲಿಂದ ಬರುತ್ತವೆ? ಚಿಪ್‌ಸೆಟ್‌ನಿಂದ. ಮನೆಯಲ್ಲಿ ಹತ್ತು ನಲ್ಲಿ ಇರಬಹುದು, ಆದ್ರೆ ಓವರ್‌ಹೆಡ್ ಟ್ಯಾಂಕ್‌ನಿಂದ ಬರೋ ಪೈಪ್ ಒಂದೇ ತಾನೇ? ಇದೂ ಹಾಗೇ. ಬಿ550 ಚಿಪ್‌ಸೆಟ್‌ಗೆ ಆ ಪೈಪ್ ಜೆನ್ 3ರ 4 ಲೇನ್, ಅಂದ್ರೆ ಸೆಕೆಂಡಿಗೆ ಸುಮಾರು 4 ಜಿಬಿ. ಒಂದೇ ನಲ್ಲಿ ತಿರುಗಿಸಿದ್ರೆ ನೀರು ಜೋರಾಗಿ ಬರುತ್ತೆ. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದ್ರೆ ಇರೋದನ್ನೇ ಹಂಚಿಕೋಬೇಕು.

ಈಗ ಆ ಕಾಣೆಯಾದ ಹಾರ್ಡ್ ಡಿಸ್ಕ್ ವಿಷಯಕ್ಕೆ ಬರೋಣ. ಆರು ಸಾಟಾ ಪೋರ್ಟ್ ಇರೋ ಹಲವು ಬಿ550 ಬೋರ್ಡ್‌ಗಳಲ್ಲಿ ಎರಡನೇ ಎಂ.2 ತುಂಬಿಸಿದ ತಕ್ಷಣ 5 ಮತ್ತು 6ನೇ ಸಾಟಾ ಪೋರ್ಟ್ ಆಫ್ ಆಗುತ್ತವೆ. ಎರಡಕ್ಕೂ ಬರೋ ದಾರಿ ಒಂದೇ. ನಿಮ್ಮ ಡಿಸ್ಕ್ ಆ ಪೋರ್ಟ್‌ನಲ್ಲಿ ಇದ್ರೆ ಕಂಪ್ಯೂಟರ್ ಆಫ್ ಮಾಡಿ, ಕೇಬಲ್ ತೆಗೆದು 1ನೇ ಅಥವಾ 2ನೇ ಪೋರ್ಟ್‌ಗೆ ಹಾಕಿ ನೋಡಿ. ಖರ್ಚು ಸೊನ್ನೆ.

ಎರಡನೇ ಕೇಸ್ ಇಂಟೆಲ್ ಕಡೆಯದ್ದು. 12ರಿಂದ 14ನೇ ಜನರೇಶನ್‌ವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಗ್ರಾಫಿಕ್ಸ್‌ಗೆ ಜೆನ್ 5ರ 16 ಲೇನ್, ಎಸ್‌ಎಸ್‌ಡಿಗೆ ಜೆನ್ 4ರ 4 ಲೇನ್ ಕೊಡುತ್ತವೆ. ಜೆನ್ 5 ಎಸ್‌ಎಸ್‌ಡಿಗೆ ಅಂತ ಬೇರೆ ಲೇನ್ ಇಲ್ಲ. ಆದ್ರೂ ಕೆಲವು ಝಡ್790 ಬೋರ್ಡ್‌ಗಳಲ್ಲಿ ಜೆನ್ 5 ಎಂ.2 ಸ್ಲಾಟ್ ಇರುತ್ತೆ. ಅದು ಗ್ರಾಫಿಕ್ಸ್ ತಟ್ಟೆಯಿಂದಲೇ ತುತ್ತು ತಗೊಳ್ಳುತ್ತೆ. ಆ 16 ಲೇನ್ ಒಡೆಯೋದು 8 ಮತ್ತು 8 ಆಗಿ ಮಾತ್ರ. ಹಾಗಾಗಿ ಕಾರ್ಡ್‌ಗೆ ಉಳಿಯೋದು 8. ಎಸ್‌ಎಸ್‌ಡಿಗೆ ಬೇಕಾಗಿದ್ದು 4, ಮಿಕ್ಕ 4 ಸಾಮಾನ್ಯವಾಗಿ ಯಾರಿಗೂ ಇಲ್ಲದೆ ಸುಮ್ನೆ ಕೂತಿರುತ್ತವೆ.

ಗಾಬರಿ ಬೇಡ. ಜೆನ್ 4ರಲ್ಲಿ 8 ಲೇನ್ ಅಂದ್ರೂ ಸೆಕೆಂಡಿಗೆ ಸುಮಾರು 16 ಜಿಬಿ. ಗೇಮ್‌ಗಳಲ್ಲಿ ಆಗೋ ವ್ಯತ್ಯಾಸ ಸಾಮಾನ್ಯವಾಗಿ ತೀರಾ ಚಿಕ್ಕದು. ಆರ್‌ಟಿಎಕ್ಸ್ 4060 ಥರದ ಕಾರ್ಡ್ ಬಳಸೋದೇ 8 ಲೇನ್, ಅದಕ್ಕೆ ನಷ್ಟಾನೇ ಇಲ್ಲ.

ನಿಜವಾದ ಪೆಟ್ಟು ಬೀಳೋದು ಕಮ್ಮಿ ಬಜೆಟ್‌ನೋರಿಗೆ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರೋದು 4 ಲೇನ್, 4 ಜಿಬಿ ಮೆಮೊರಿ. ಜೆನ್ 4 ಬೋರ್ಡ್‌ನಲ್ಲಿ ಹೇಗೋ ನಡೆಯುತ್ತೆ. ಜೆನ್ 3 ಬೋರ್ಡ್‌ಗೆ ಹಾಕಿದ್ರೆ ದಾರಿ ಅರ್ಧ ಆಗುತ್ತೆ. ಕಾರ್ಡಿನ ಮೆಮೊರಿ ತುಂಬಿ ಮತ್ತೆ ಮತ್ತೆ ರ‍್ಯಾಮ್ ಕಡೆ ಓಡಬೇಕಾದಾಗ ಗೇಮ್ ತಡವರಿಸುತ್ತೆ. ಹಳೇ ಬೋರ್ಡ್ ಇಟ್ಕೊಂಡು ಕಡಿಮೆ ದುಡ್ಡಿನ ಕಾರ್ಡ್ ಹುಡುಕೋರೇ ಇಂಥದ್ದನ್ನ ತಗೊಳ್ಳೋದು, ಅವರಿಗೇ ಹೊಡೆತ.

ಪ್ರೊಸೆಸರ್ ಬದಲಾದ್ರೂ ಲೆಕ್ಕ ಬದಲಾಗುತ್ತೆ. ಎಎಂ5 ಬೋರ್ಡ್‌ಗೆ ರೈಝೆನ್ 5 7600 ಹಾಕಿದ್ರೆ ಗ್ರಾಫಿಕ್ಸ್‌ಗೆ 16 ಲೇನ್. ಅದೇ ಬೋರ್ಡ್‌ಗೆ 8500ಜಿ ಹಾಕಿದ್ರೆ ಬರೀ 4. ಸ್ಲಾಟ್ ಅಷ್ಟೇ ಉದ್ದ, ಒಳಗಿನ ದಾರಿ ಮಾತ್ರ ಕಿರಿದು. "ಈಗ ಇದು, ಮುಂದಿನ ವರ್ಷ ದೊಡ್ಡ ಕಾರ್ಡ್" ಅನ್ನೋ ಪ್ಲಾನ್ ಇದ್ರೆ ಈಗಲೇ ಯೋಚನೆ ಮಾಡಿ.

ಸರಿ, ಮಾಡಬೇಕಾದ್ದು ಏನು? ಒಂದು, ಬೋರ್ಡ್ ತಯಾರಿಸಿದ ಕಂಪನಿಯ ಸೈಟ್‌ನಿಂದ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ, "ಶೇರ್", "ಡಿಸೇಬಲ್" ಅನ್ನೋ ಪದಗಳನ್ನ ಹುಡುಕಿ. ವಿಷಯ ಬಹುತೇಕ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತೆ. ಎರಡು, ಮುಖ್ಯ ಎಸ್‌ಎಸ್‌ಡಿಯನ್ನ ಪ್ರೊಸೆಸರ್‌ಗೆ ನೇರವಾಗಿ ಸೇರೋ ಎಂ.2ಗೆ ಹಾಕಿ. ಮೂರು, ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ "ಬಸ್ ಇಂಟರ್‌ಫೇಸ್" ಸಾಲು ನೋಡಿ. ಕಾರ್ಡ್‌ಗೆ ಈಗ ಎಷ್ಟು ಲೇನ್ ಸಿಕ್ತಿದೆ ಅಂತ ಅಲ್ಲೇ ಇದೆ. ಕೆಲಸ ಇಲ್ಲದಾಗ ಕಾರ್ಡ್ ವೇಗ ಇಳಿಸಿಕೊಂಡಿರುತ್ತೆ, ಅದಕ್ಕೇ ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಟೆಸ್ಟ್ ಓಡಿಸಿ ನೋಡಿ.

ಎಸ್‌ಪಿ ರೋಡ್‌ಗೆ ಹೋಗಿ, ಆನ್‌ಲೈನ್‌ನಲ್ಲೇ ತಗೊಳ್ಳಿ, "ಎಷ್ಟು ಸ್ಲಾಟ್ ಇದೆ?" ಅಂತ ಕೇಳಿ ಸುಮ್ಮನಾಗಬೇಡಿ. "ಎಲ್ಲಾ ತುಂಬಿಸಿದ್ರೆ ಏನು ಆಫ್ ಆಗುತ್ತೆ?" ಅಂತಾನೂ ಕೇಳಿ. ದುಡ್ಡು ನಿಮ್ಮದು, ಲೆಕ್ಕಾನೂ ನಿಮ್ಮ ಕೈಯಲ್ಲೇ ಇರಲಿ. ಮುಂದಿನ ಕಂತಿನಲ್ಲಿ ಸಿಗೋಣ.